ತುಟಿಗೆ ತಕ್ಕ ಮಾತು

ನಜ್ಜರೇನೊ ಕಾಲ್ವೆಲ್ಲಿಯ, ಅಂದರೆ ನೇನೊನ, ಕಸುಬು ಏನೆಂದು ರೋಮ್‌ನ ನಮ್ಮ ಕ್ವಾದ್ರಾರೊ ಕೇರಿಯಲ್ಲಿ ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕಾಫಿ ಅಂಗಡಿಯವನ ಪ್ರಕಾರ ಅವನು ಕಥೆ ಬರೆಯುವವನು; ಮೂಲೆಯ ಮೇಜಿನಲ್ಲಿ ಕೂತು ಕಾಗದ ಕಪ್ಪು ಮಾಡುವುದನ್ನು ಅವನು ದಿನಾ ನೋಡುತ್ತಿದ್ದ. ಕುದುರೆ ಮಾಂಸದ ಅಂಗಡಿಯವನು ಮಾತ್ರ ಅವನನ್ನು ದಲ್ಲಾಳಿ ಎಂದೇ ನಂಬಿದ್ದ. ಒಮ್ಮೆ ನೇನೊ ಬಂದು, ನಾಳೆ ಬೆಳಿಗ್ಗೆಗೆ ಜೀವಂತ ಇರುವ ಮೂವತ್ತು ಕುದುರೆ ಸಿಗಬಹುದೇ, ಬಡಕಲಾದರೂ ಪರವಾಗಿಲ್ಲ ಎಂದು ಕೇಳಿದ್ದನಂತೆ. ಚರ್ಚಿನ ಪಾದ್ರಿಗಳು 'ಆ ಮನುಷ್ಯ ಹೆಣ ಎಬ್ಬಿಸೋ ಸಿನಿಮಾ ಮಾಡ್ತಾನೆ' ಎಂದು ಮುಖ ಸಿಂಡರಿಸುತ್ತಿದ್ದರು. ಆದರೆ ಆ ಸಿನಿಮಾದಲ್ಲಿ ಹೆಣ ಎಷ್ಟು ಸಲ ಏಳುತ್ತದೆ ಎಂಬುದು ಅವರಿಗೂ ಬಾಯಿಪಾಠವಾಗಿತ್ತು.

ಮೂವರು ಹೇಳಿದ್ದೂ ನಿಜವೇ. ಆಡು ಮುಟ್ಟದ ಸೊಪ್ಪಿಲ್ಲ, ನೇನೊ ಮುಟ್ಟದ ಸಿನಿಮಾ ಇಲ್ಲ. ಯುದ್ಧ ಮುಗಿದ ವರ್ಷ ಬೆಟ್ಟದ ಮೇಲಿನ ಮೊಂತೆಫೊಲ್ಕೊ ಎಂಬ ಊರಿನಿಂದ ರೋಮ್‌ಗೆ ಬಂದವನು, ಮೊದಲು ವಾರಪತ್ರಿಕೆಗೆ ನಗೆಹನಿ ಬರೆದ. ಆಮೇಲೆ ಬೇರೆಯವರ ಚಿತ್ರಕ್ಕೆ ಹೆಸರಿಲ್ಲದೆ ಹಾಸ್ಯದ ತುಣುಕು ಬರೆದ. ಕಣ್ಣೀರಿನ ಚಿತ್ರ ಓಡುವ ಕಾಲದಲ್ಲಿ ಕಣ್ಣೀರು, ಬರಿಮೈಯ ಪೈಲ್ವಾನರು ಕಂಬ ಕೆಡವುವ ಕಾಲ ಬಂದಾಗ ಕಂಬ, ಗೂಢಚಾರರ ಕಾಲದಲ್ಲಿ ಗೂಢಚಾರ, ಕೌಬಾಯ್‌ಗಳು ಬಂದಾಗ ಕೌಬಾಯ್. ಬರೆಯುತ್ತಾ ಬರೆಯುತ್ತಾ ನಿರ್ದೇಶಕನೂ ಆದ. ಒಬ್ಬ ನಿರ್ದೇಶಕ ಜಗಳವಾಡಿ ಹೊರಟುಹೋದ ದಿನ ನಿರ್ಮಾಪಕರು, 'ಕಥೆ ಬರೆದವನು ನೀನೇ ತಾನೆ? ನಿಂತ್ಕೊ ಕ್ಯಾಮೆರಾ ಹಿಂದೆ' ಅಂದದ್ದೇ ಅವನಿಗೆ ಸಿಕ್ಕ ಪಟ್ಟಾಭಿಷೇಕ.

ಅರವತ್ತಾರನೇ ಇಸವಿಯ ಹೊತ್ತಿಗೆ ಮೂವತ್ತೆಂಟು ಚಿತ್ರಗಳಾಗಿದ್ದವು. ಪೋಸ್ಟರಿನ ಮೇಲೆ ಅವನ ಹೆಸರು ಒಂದರಲ್ಲೂ ಇರಲಿಲ್ಲ. ಅಮೆರಿಕದವರು ಮಾಡಿದ್ದು ಅಂದರೆ ಮಾತ್ರ ಜನ ಟಿಕೆಟ್ ಕೊಳ್ಳುತ್ತಾರೆ ಎಂದು ನಿರ್ಮಾಪಕರು ಅವನಿಗೆ ನೆಡ್ ಕ್ಯಾಲ್ವರ್ಟ್ ಎಂದು ನಾಮಕರಣ ಮಾಡಿದ್ದರು. ಬಡಗಿಯವನಿಂದ ಹಿಡಿದು ಕುದುರೆ ನೋಡಿಕೊಳ್ಳುವವನವರೆಗೆ ಎಲ್ಲರಿಗೂ ಹೀಗೆ ಒಂದೊಂದು ಅಮೆರಿಕದ ಹೆಸರು. ಅವರಲ್ಲಿ ಒಬ್ಬನಾದರೂ ಸಮುದ್ರ ದಾಟಿದವನಲ್ಲ. ನೇನೊಗೆ ಇದರಿಂದ ಬೇಸರವೇನೂ ಇರಲಿಲ್ಲ. ಹೆಸರಿಗಿಂತ ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಬಂದರೆ ಸಾಕು ಅನ್ನುವ ಜಾತಿ ಅವನದು.

ನಮ್ಮಲ್ಲಿ ಸಿನಿಮಾ ತೆಗೆಯುವ ರೀತಿಯನ್ನು ಇಲ್ಲಿ ಒಂದಿಷ್ಟು ಹೇಳಬೇಕು. ಶೂಟಿಂಗ್ ಮಾಡುವಾಗ ಮಾತು ಹಿಡಿಯುತ್ತಿರಲಿಲ್ಲ. ಚಿತ್ರ ಮೊದಲು, ಮಾತು ಆಮೇಲೆ, ಡಬ್ಬಿಂಗ್ ಕೋಣೆಯಲ್ಲಿ. ಹೀಗಾಗಿ ಕ್ಯಾಮೆರಾ ಮುಂದೆ ಯಾರು ಏನು ಹೇಳಿದರೂ ನಡೆಯುತ್ತಿತ್ತು. ನಾಯಕ ಅಮೆರಿಕದವನು, ಅವನು ತನ್ನ ಭಾಷೆ, ಖಳ ಜರ್ಮನಿಯವನು, ಅವನು ತನ್ನದು, ನಾಯಕಿ ಸ್ಪೇನಿನವಳು. ಇವನ ಮಾತು ಅವಳಿಗೆ ತಿಳಿಯದು, ಅವಳದು ಇವನಿಗೆ ತಿಳಿಯದು, ಪ್ರೇಮವೇನೋ ಚೆನ್ನಾಗಿಯೇ ನಡೆಯುತ್ತಿತ್ತು. ನಮ್ಮವರಂತೂ ಮಾತು ಕಲಿಯುವ ಗೋಜಿಗೇ ಹೋಗದೆ ಅಂಕಿ ಎಣಿಸುತ್ತಿದ್ದರು. ಸಿಟ್ಟಿನಲ್ಲಿ ಒಂದರಿಂದ ಹತ್ತು, ದುಃಖದಲ್ಲಿ ಇಪ್ಪತ್ತರಿಂದ ಮೂವತ್ತು. ತುಟಿ ಅಲ್ಲಾಡಿದರೆ ಸಾಕು.

ಆಮೇಲೆ ಆ ತುಟಿಗೆ ಸರಿಯಾಗಿ ಮಾತು ಬರೆಯಬೇಕು. ಪ, ಬ, ಮ ಬಂದಲ್ಲಿ ತುಟಿ ಮುಚ್ಚಬೇಕು, ಆ ಬಂದಲ್ಲಿ ತೆರೆಯಬೇಕು. ಈ ವಿದ್ಯೆಯಲ್ಲಿ ನೇನೊನನ್ನು ಮೀರಿಸಿದವರು ರೋಮ್‌ನಲ್ಲಿ ಇರಲಿಲ್ಲ. ಸೋತ ಚಿತ್ರದ ರೀಲುಗಳನ್ನು ಅವನ ಮುಂದೆ ಸುರಿದರೆ, ಸಾವಿನ ಮನೆಯನ್ನು ಮದುವೆ ಮನೆ ಮಾಡಿ ಕೊಡುತ್ತಿದ್ದ. ಅವನ ಹೆಂಡತಿ ಯೋಲೆ ಎಡಿಟಿಂಗ್ ಮೇಜಿನಲ್ಲಿ ಕೆಲಸ ಮಾಡುವವಳು. ಮಾತು ಎಷ್ಟೇ ಎಳೆದರೂ ತುಟಿಗೆ ಕೂರದೆ ಹೋದಾಗ ಅವಳು ಆ ಮುಖವನ್ನೇ ಕತ್ತರಿಸಿ, ಅಲ್ಲಿ ಬೆನ್ನನ್ನೋ ಕುದುರೆಯನ್ನೋ ಗಂಟೆಗೋಪುರವನ್ನೋ ಅಂಟಿಸುತ್ತಿದ್ದಳು. ಕಸುಬಿನವರೆಲ್ಲ ಮಾಡುವುದೇ ಇದು.

ಈ ಮೋಸ ಹಿಡಿಯುವವಳು ಇಡೀ ನಗರದಲ್ಲಿ ಒಬ್ಬಳಿದ್ದಳು, ಅವಳು ನೇನೊನ ಅಕ್ಕ ಜೆಲಿಂದಾ. ಹನ್ನೆರಡನೇ ವಯಸ್ಸಿನಲ್ಲಿ ಮಿದುಳು ಜ್ವರ ಬಂದು ಅವಳ ಎರಡೂ ಕಿವಿ ಹೋಗಿದ್ದವು. ಮಾತು ಅಷ್ಟರೊಳಗೆ ಬಂದಿದ್ದರಿಂದ ಉಳಿದುಕೊಂಡಿತ್ತು, ಏರಿಳಿತವಿಲ್ಲದೆ, ದೊಡ್ಡ ದನಿಯಲ್ಲಿ. ಬೇರೆಯವರ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದಳು. ಮದುವೆಯಾಗಲಿಲ್ಲ, ಕೇಳಿಕೊಂಡು ಬಂದ ಇಬ್ಬರಲ್ಲಿ ಒಬ್ಬನ ಮೀಸೆ ಬಾಯಿಯನ್ನೆಲ್ಲ ಮುಚ್ಚುತ್ತದೆ ಎಂದೂ ಇನ್ನೊಬ್ಬ ಸುಳ್ಳು ಹೇಳುತ್ತಾನೆ ಎಂದೂ ಓಡಿಸಿದ್ದಳು. ತುಸ್ಕೊಲಾನ ರಸ್ತೆಯ ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುವ ಕೋಣೆಗೆ ಅವಳೇ ಹಿರಿಯಳು. ರೋಮನ್ ಸೈನಿಕರ ಲಂಗ, ಕೌಬಾಯ್‌ಗಳ ಕುಪ್ಪಸ ಎಲ್ಲ ಅವಳ ಕೈಯಿಂದಲೇ ಹೊರಡಬೇಕು.

ತಮ್ಮನ ಪ್ರತಿ ಚಿತ್ರವನ್ನೂ ಅವಳು ಕೇರಿಯ ಟಾಕೀಸಿನಲ್ಲಿ ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋಗಿ ನೋಡುತ್ತಿದ್ದಳು. ತಾನು ಹೊಲಿದ ಅಂಚು ಪರದೆಯ ಮೇಲೆ ನೆಟ್ಟಗೆ ಬಂದಿದೆಯೋ ಇಲ್ಲವೋ ನೋಡುವುದಕ್ಕೆ ಎಂದು ಅವಳೇ ಹೇಳುತ್ತಿದ್ದಳು. ಆದರೆ ನೋಡುತ್ತಾ ಕೂತವಳ ಬಾಯಿ ಸುಮ್ಮನಿರಬೇಕಲ್ಲ. ಸೇನಾಪತಿ ಬೆಟ್ಟದ ಮೇಲೆ ನಿಂತು ಕತ್ತಿ ಎತ್ತಿ ಗರ್ಜಿಸುವಾಗ ಟಾಕೀಸಿನಲ್ಲಿ ಇವಳ ದನಿ: "ನಲವತ್ತೊಂದು, ನಲವತ್ತೆರಡು, ನಲವತ್ತಮೂರು!" ವಿಷ ಕುಡಿದ ರಾಣಿ ನಾಯಕನ ತೊಡೆಯ ಮೇಲೆ ಪ್ರಾಣ ಬಿಡುವಾಗ ಹೆಂಗಸರೆಲ್ಲ ಕರ್ಚೀಫು ತೆಗೆದಿದ್ದರೆ ಇವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಏನಕ್ಕಾ, ಮಾನ ಕಳೀತೀಯಲ್ಲ, ಯಾಕೆ ನಗ್ತೀಯ?" ಎನ್ನುವನು ನೇನೊ.

"ನಾನೇನು ಮಾಡ್ಲೋ? ಆ ಪುಣ್ಯಾತ್ಗಿತ್ತಿ ಸಾಯೋವಾಗ 'ಚಪ್ಪಲಿ ಕಚ್ತಿದೆ, ಬೇಗ ಮುಗಿಸ್ರಪ್ಪಾ' ಅಂತಿದಾಳೆ!"

ಒಂದು ಭಾನುವಾರ ಊಟದ ಹೊತ್ತಿನಲ್ಲಿ, ಎಣ್ಣೆಯಲ್ಲಿ ಕರಿದ ಹೂಕೋಸಿನ ತಟ್ಟೆಯನ್ನು ಅವನ ಕಡೆ ಸರಿಸುತ್ತಾ ಅವಳು ಕೇಳಿದಳು: "ಲೋ ನೇನೊ, ಇಷ್ಟು ವರ್ಷದಲ್ಲಿ ಇಷ್ಟು ಪಿಕ್ಚರ್ ಮಾಡಿದೀಯ. ಒಂದ್ರಲ್ಲಾದ್ರೂ ಯಾರಾದ್ರೂ ಯಾರಿಗಾದ್ರೂ ಏನಾದ್ರೂ ಹೇಳ್ತಾರೇನೋ?"

ಅವಳು ತಮಾಷೆಗೆ ಕೇಳಿದ್ದು. ನೇನೊ ಮಾತ್ರ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಬೆಚ್ಚಿಬಿದ್ದ. ಯೋಲೆ ಗಂಡನ ಮುಖವನ್ನೇ ನೋಡಿದಳು. ಅವನ ಗುಟ್ಟು ಅವಳೊಬ್ಬಳಿಗೆ ಗೊತ್ತಿತ್ತು.

ಅದು ಮೂವತ್ತೊಂದನೇ ಇಸವಿಯ ಮಾತು. ಜೆಲಿಂದಾಗೆ ಜ್ವರ ಏರಿ ಕಣ್ಣು ಮೇಲೆ ಹೋದ ಮಧ್ಯಾಹ್ನ, ಅಪ್ಪ ಗಾಡಿ ಕಟ್ಟಿಕೊಂಡು ಪರಸ್ಥಳಕ್ಕೆ ಹೋಗಿದ್ದ. ತಾಯಿ ಒಂಬತ್ತು ವರ್ಷದ ನೇನೊನನ್ನು, ಕೆಳಗಿನ ಊರಿಗೆ ಓಡಿಹೋಗಿ ಡಾಕ್ಟರನ್ನು ಕರೆದುಕೊಂಡು ಬಾ ಎಂದು ಅಟ್ಟಿದಳು. ಅವನು ಓಡಿದ್ದೂ ನಿಜ. ಆದರೆ ಕೆಳಗಿನ ಊರಿನಲ್ಲಿ ಅವತ್ತು ಚರ್ಚಿನ ಹಜಾರಕ್ಕೆ ಯಾವನೋ ಬಯಾಸ್ಕೋಪಿನ ಪೆಟ್ಟಿಗೆ ತಂದಿದ್ದ. ಬಾಗಿಲಲ್ಲಿ ಕಪ್ಪು ಬಟ್ಟೆ ಕಟ್ಟಿತ್ತು, ಒಳಗಿನಿಂದ ನಗು ಕೇಳುತ್ತಿತ್ತು. ಒಂದು ಸಲ ಇಣುಕಿ ಹೋಗೋಣ ಎಂದು ಬಟ್ಟೆ ಸರಿಸಿದವನು, ಮುಗಿಯುವವರೆಗೂ ಅಲ್ಲೇ ನಿಂತ. ಅಷ್ಟರಲ್ಲಿ ಡಾಕ್ಟರು ಯಾರದೋ ಹೆರಿಗೆಗೆ ದೂರದ ತೋಟಕ್ಕೆ ಹೊರಟುಹೋಗಿದ್ದರು. ಅವರು ಮೊಂತೆಫೊಲ್ಕೊಗೆ ಬಂದದ್ದು ಮಾರನೇ ಬೆಳಿಗ್ಗೆ.

'ಡಾಕ್ಟರು ಮನೇಲಿರಲಿಲ್ಲ' ಎಂದು ಅವನು ತಾಯಿಗೆ ಹೇಳಿದ. ಅದು ಸುಳ್ಳೂ ಆಗಿರಲಿಲ್ಲ, ಅದಕ್ಕೇ ಅದು ಅಷ್ಟು ವರ್ಷ ಬಾಳಿತು. 'ನಾನು ಮೊದಲೇ ಬಂದಿದ್ದರೂ ಹೀಗೇ ಆಗುತ್ತಿತ್ತೋ ಏನೋ' ಎಂದಿದ್ದರು ಡಾಕ್ಟರು. ಆ 'ಏನೋ' ಎಂಬ ಎರಡಕ್ಷರ ನೇನೊನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿತ್ತು. ಆ ಮಧ್ಯಾಹ್ನ ಕಂಡದ್ದೇ ಅವನನ್ನು ಸಿನಿಮಾದವನನ್ನಾಗಿ ಮಾಡಿತು. ಅಕ್ಕನ ಕಿವಿ ಹೋದ ದಿನವೇ ತನ್ನ ಬದುಕಿನ ದಾರಿ ತೆರೆದುಕೊಂಡಿತು ಎಂದು ಯಾರ ಹತ್ತಿರ ಹೇಳುವುದು?

ಹೇಳಲೇಬೇಕು ಎಂದು ನೂರು ಸಲ ಹೊರಟಿದ್ದ. ಕಿವಿ ಕೇಳುವವರಿಗಾದರೆ ಬೆನ್ನು ತಿರುಗಿಸಿಯೋ, ಕಿಟಕಿಯ ಕಡೆ ನೋಡುತ್ತಲೋ ಒಂದು ಮಾತು ಉಸುರಿಬಿಡಬಹುದು. ಜೆಲಿಂದಾಗೆ ಮುಖಕ್ಕೆ ಮುಖ ಕೊಟ್ಟು, ಬೆಳಕಿಗೆ ನಿಂತು, ತುಟಿ ಬಿಡಿಸಿ ಬಿಡಿಸಿ ಹೇಳಬೇಕು. ಅದಕ್ಕೆ ಬೇಕಾದ ಎದೆ ಅವನಲ್ಲಿರಲಿಲ್ಲ. ಊರಿನವರಿಗೆಲ್ಲ ಮಾತು ಬರೆದುಕೊಟ್ಟವನು ಅಕ್ಕನಿಗೆ ಬರೆಯಲು ಹೊರಟ ನಾಲ್ಕು ಕಾಗದಗಳನ್ನೂ ಹರಿದುಹಾಕಿದ್ದ.

ಹೂಕೋಸಿನ ಆ ಭಾನುವಾರದ ನಂತರ ಅವನು ಕಾಫಿ ಅಂಗಡಿಯ ಮೂಲೆಯಲ್ಲಿ ಕೂತು ಹದಿನೆಂಟು ದಿನದಲ್ಲಿ ಒಂದು ಕಥೆ ಬರೆದ. ಬೆಟ್ಟದೂರಿನಲ್ಲಿ ರೊಟ್ಟಿ ಅಂಗಡಿ ನಡೆಸುವ ಅಣ್ಣ ತಂಗಿ. ತಂಗಿಗೆ ಚಿಕ್ಕಂದಿನ ಜ್ವರದಲ್ಲಿ ಒಂದು ಕಾಲು ಹೋಗಿದೆ. ನಡುವಯಸ್ಸು ದಾಟಿದ ಮೇಲೆ ಒಂದು ದಿನ ಅಣ್ಣ ಹಿಟ್ಟಿನ ಮೇಜಿನ ಮುಂದೆ ನಿಂತು ಅವಳಿಗೆ ಎಲ್ಲವನ್ನೂ ಹೇಳುತ್ತಾನೆ. ಯಾರ ಕಥೆಯನ್ನಾದರೂ ತಲೆಕೆಳಗು ಮಾಡಬಲ್ಲವನು, ತನ್ನದರಲ್ಲಿ ಅಕ್ಕನನ್ನು ತಂಗಿ ಮಾಡಿದ, ಕಿವಿಯನ್ನು ಕಾಲು ಮಾಡಿದ, ಅಲ್ಲಿಂದ ಮುಂದೆ ಕೈ ಓಡಲಿಲ್ಲ. ಬಯಾಸ್ಕೋಪು, ಕಪ್ಪು ಬಟ್ಟೆ, ಹೆರಿಗೆಗೆ ಹೋದ ಡಾಕ್ಟರು ಎಲ್ಲ ಇದ್ದ ಹಾಗೇ ಉಳಿದವು.

ಆ ಚಳಿಗಾಲದಲ್ಲಿ ಅದೃಷ್ಟಕ್ಕೆ ಅವನು ತೆಗೆಯುತ್ತಿದ್ದ ಕೌಬಾಯ್ ಚಿತ್ರದ ಅಮೆರಿಕದ ನಾಯಕ ಕುದುರೆಯಿಂದ ಬಿದ್ದು ಕಾಲು ಉಳುಕಿಸಿಕೊಂಡ. ಹನ್ನೆರಡು ದಿನ ಶೂಟಿಂಗ್ ನಿಂತಿತು. ನಿರ್ಮಾಪಕರು ಸ್ಕರ್ಪೆತ್ತಿ ಎಂಬವರು, ಸಿಗಾರು ಕಚ್ಚಿಕೊಂಡೇ ಮಾತಾಡುವ ಮನುಷ್ಯ. ಅವರ ಒಂದು ಮಾತೂ ಜೆಲಿಂದಾಗೆ ತಿಳಿಯುತ್ತಿರಲಿಲ್ಲವಾದ್ದರಿಂದ ಅವಳು ಅವರನ್ನು ಮನುಷ್ಯರ ಲೆಕ್ಕಕ್ಕೇ ಸೇರಿಸಿರಲಿಲ್ಲ. ನೇನೊ ಅವರ ಮುಂದೆ ಹೋಗಿ ನಿಂತ.

"ಯಜಮಾನ್ರೇ, ಜನ ಎಲ್ಲ ಸುಮ್ನೆ ಕೂತಿದಾರೆ. ಈ ಹನ್ನೆರಡು ದಿನಕ್ಕೆ ಕ್ಯಾಮೆರಾ ನನಗೆ ಕೊಡಿ. ಒಂದು ಪಿಕ್ಚರ್ ಮಾಡಿಕೊಡ್ತೀನಿ."

"ಕುದುರೆ ಇದೆಯಾ ಅದ್ರಲ್ಲಿ?"

"ಇಲ್ಲ."

"ಹೆಣ?"

"ಇಲ್ಲ. ಅಣ್ಣ ತಂಗಿ."

ಸ್ಕರ್ಪೆತ್ತಿ ಸಿಗಾರು ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಜ್ವರ ಗಿರ ಬಂದಿದೆಯೇನಯ್ಯಾ? ಆಯ್ತು, ಹೋಗು. ಹದಿಮೂರನೇ ದಿನ ಕ್ಯಾಮೆರಾ ಇಲ್ಲಿರಬೇಕು."

ಮೊಂತೆಫೊಲ್ಕೊದ ಹಳೆಯ ರೊಟ್ಟಿ ಅಂಗಡಿಯಲ್ಲೇ ಶೂಟಿಂಗ್. ಅಣ್ಣನ ಪಾತ್ರಕ್ಕೆ ಬಾಲ್ದೊ ಎಂಬ ನಟ. ಇಪ್ಪತ್ತು ವರ್ಷ ಖಳನಾಯಕನ ಬಲಗೈ ಬಂಟನಾಗಿ ಸತ್ತೂ ಸತ್ತೂ ಬೇಸತ್ತವನು, ಮುಖ ಮಾತ್ರ ಹಿಟ್ಟಿನ ಹಾಗೆ ಮೆತ್ತಗೆ. ಮೊದಲ ದಿನವೇ ನೇನೊ ಎಲ್ಲರಿಗೂ ಕಾಗದ ಹಂಚಿದ.

"ಇದೇನು?" ಬಾಲ್ದೊ ಕೇಳಿದ.

"ಮಾತು. ಬಾಯಿಪಾಠ ಮಾಡ್ಕೊಂಡು ಬಾ."

"ಎಲ್ಲಾನೂ? ಯಾಕೆ? ಹೇಗಿದ್ರೂ ಆಮೇಲೆ ಡಬ್ಬಿಂಗ್ ಮಾಡ್ತೀವಲ್ಲ!"

"ಇದ್ರಲ್ಲಿ ಯಾರೂ ಅಂಕಿ ಎಣಿಸೋ ಹಾಗಿಲ್ಲ. ಏನು ಬರೆದಿದೆಯೋ ಬಾಯಲ್ಲಿ ಅದೇ ಬರಬೇಕು, ತುಟಿ ಬಿಡಿಸಿ ಬಿಡಿಸಿ."

"ಲೋ, ನೇನೊಗೆ ತಲೆ ಕೆಟ್ಟಿದೆ ಕಣ್ರೋ!" ಎಂದು ಬಾಲ್ದೊ ಲೈಟಿನವರ ಕಡೆ ತಿರುಗಿ ಕೂಗಿದ. ಆದರೂ ಅವನು ಒಳ್ಳೆಯವನು, ಕಾಗದ ಹಿಡಿದು ಕೋಳಿಗೂಡಿನ ಹಿಂದೆ ಓಡಾಡುತ್ತಾ ಉರುಹೊಡೆದ.

ಒಂಬತ್ತನೇ ದಿನ ಆ ದೃಶ್ಯ. ನಾಲ್ಕು ನಿಮಿಷ ಬರೀ ಮುಖ. ಬಾಲ್ದೊ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತಾ ಶುರುಮಾಡಿದ: "ಡಾಕ್ಟರನ್ನ ಕರ್ಕೊಂಡು ಬಾ ಅಂತ ಅಮ್ಮ ನನ್ನ ಕಳಿಸಿದ್ಲಲ್ಲ, ನಾನು ದಾರೀಲಿ ನಿಂತೆ. ಬಯಾಸ್ಕೋಪ್ ನೋಡ್ತಾ ನಿಂತೆ. ಮುಗಿಯೋವರೆಗೂ ನಿಂತೆ..." ಅವನ ಕಣ್ಣು ತುಂಬಿತು. ನಿಜವಾದ ಕಣ್ಣೀರು, ಗ್ಲಿಸರಿನ್ ಅಲ್ಲ. ದುಃಖ ಉಕ್ಕಿ ಬಂದ ಆ ಕ್ಷಣದಲ್ಲಿ ಬಾಲ್ದೊಗೆ ಮುಂದಿನ ಮಾತು ಮರೆತುಹೋಯಿತು. ಇಪ್ಪತ್ತು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ನಿಲ್ಲಿಸದೆ, ಕೆನ್ನೆ ಮೇಲೆ ನೀರು ಇಳಿಯುತ್ತಿರುವಾಗಲೇ, ನಡುಗುವ ದನಿಯಲ್ಲಿ ಹೇಳಿದ: "ಇಪ್ಪತ್ತೇಳು... ಇಪ್ಪತ್ತೆಂಟು... ಇಪ್ಪತ್ತೊಂಬತ್ತು..."

ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಮೆರಾದವನು ಕಣ್ಣು ಒರೆಸಿಕೊಂಡ. ನೇನೊ ಮಾತ್ರ, "ಇನ್ನೊಂದ್ಸಲ" ಅಂದ.

"ಹುಚ್ಚೇನೋ ನಿಂಗೆ? ಇಷ್ಟು ಚೆನ್ನಾಗಿ ನಾನು ಹುಟ್ಟಿದಾಗಿಂದ ಅತ್ತಿಲ್ಲ! ಎರಡು ಅಂಕಿ ಬಂದ್ರೆ ಏನಾಯ್ತು? ಯಾರು ನೋಡ್ತಾರೆ?"

"ಒಬ್ಬಳು ನೋಡ್ತಾಳೆ."

"ಯಾರವಳು?"

ನೇನೊ ಕ್ಯಾಮೆರಾದವನಿಗೆ ಕೈ ಮಾಡಿದ. ಏಳನೇ ಸಲಕ್ಕೆ ಒಂದು ಅಂಕಿಯೂ ಇಲ್ಲದೆ, ಬರೆದದ್ದು ಬರೆದ ಹಾಗೆ ಬಂತು. ಅಳು ಮೊದಲ ಸಲದಷ್ಟು ಚೆನ್ನಾಗಿರಲಿಲ್ಲ. ಕ್ಯಾಮೆರಾದವನು ಇವತ್ತಿಗೂ ಅದನ್ನೇ ಹೇಳಿ ಕೊರಗುತ್ತಾನೆ.

ಯೋಲೆ ಎಡಿಟಿಂಗ್ ಮುಗಿಸಿದಳು. ಮಾತು ಇನ್ನೂ ಸೇರಿಸಿರಲಿಲ್ಲ. ಸ್ಕರ್ಪೆತ್ತಿ ಚಿಕ್ಕ ಹಾಲಿನಲ್ಲಿ ಕೂತು ನೋಡಿದರು, ನೇನೊ ಪಕ್ಕದಲ್ಲಿ ನಿಂತು ಮಾತುಗಳನ್ನು ಓದಿ ಹೇಳಿದ. ದೀಪ ಹತ್ತಿದಾಗ ಯಜಮಾನರು ನಿದ್ದೆ ಮಾಡಿರಲಿಲ್ಲ. ಅದನ್ನೇ ಒಳ್ಳೆಯ ಶಕುನ ಎಂದು ನೇನೊ ತಿಳಿದ.

"ನೋಡಯ್ಯಾ ಕಾಲ್ವೆಲ್ಲಿ," ಅಂದರು ಸ್ಕರ್ಪೆತ್ತಿ, "ಇದನ್ನ ಹೀಗೇ ಬಿಟ್ರೆ ಟಾಕೀಸಿಗೆ ಬರೋರು ನಿಮ್ಮ ನೆಂಟರು ಮಾತ್ರ. ಆದ್ರೆ ಆ ಬಾಲ್ದೊನ ಮುಖ ಇದೆಯಲ್ಲ, ಅಳುವಾಗ ಎಷ್ಟು ನಗು ಬರುತ್ತೆ ಗೊತ್ತಾ! ಇದನ್ನ ಹಾಸ್ಯದ ಪಿಕ್ಚರ್ ಮಾಡು. ಮಾತು ಬದಲಾಯಿಸು. ಅವನು ಏನೋ ಕದ್ದಿದಾನೆ ಅನ್ನು... ಬಿಷಪ್ಪರ ಬಾತುಕೋಳಿ ಕದ್ದು ತಂಗಿಗೆ ಬೇಯಿಸಿ ಹಾಕಿದಾನೆ, ಅದನ್ನ ಒಪ್ಕೊಳ್ತಿದಾನೆ ಅನ್ನು. ತುಟಿಗೆ ಕೂರದೇ ಇದ್ದ ಕಡೆ ಮುಖ ತೆಗೆದು ಕೋಳಿ ತೋರ್ಸು, ಗೋಪುರ ತೋರ್ಸು. ನಿನಗೆ ನಾನು ಹೇಳಿಕೊಡಬೇಕಾ? ಮುಂದಿನ ವಾರಕ್ಕೆ ಬೇಕು. ನೀನು ಮಾಡದಿದ್ರೆ ಬೇರೆಯವರು ಮಾಡ್ತಾರೆ."

ಬೇರೆಯವರು ಮಾಡುವುದು ಎಂದರೇನು ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಮನೆಗೆ ಬಂದ ಮೇಲೆ ಯೋಲೆ ಅದನ್ನು ಬಾಯಿಬಿಟ್ಟು ಹೇಳಿದಳು: "ಬೇರೆ ಯಾರಾದ್ರೂ ಕೂತ್ರೆ ಮೊದಲು ಹೋಗೋದು ಆ ನಾಲ್ಕು ನಿಮಿಷದ ಮುಖ. ಅಷ್ಟುದ್ದದ ಮುಖಕ್ಕೆ ಸುಳ್ಳು ಮಾತು ಕೂರ್ಸೋದು ಯಾರ ಕೈಲೂ ಆಗಲ್ಲ. ಎಲ್ಲಾ ಕತ್ತರಿಸಿ ಕೋಳಿ ಅಂಟಿಸ್ತಾರೆ."

ನೇನೊ ಅಡಿಗೆಮನೆಯ ಕುರ್ಚಿಯಲ್ಲಿ ಕೂತು ಮಕ್ಕಳ ಹಾಗೆ ಅತ್ತ. ಮೂವತ್ತೆಂಟು ಚಿತ್ರಗಳಲ್ಲಿ ಬೇರೆಯವರ ಸಾವನ್ನು ಮದುವೆ ಮಾಡಿದ್ದು ಈಗ ತನ್ನ ಬಾಗಿಲಿಗೇ ಬಂತು ಎಂದು ಅತ್ತ. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಬಂದು, "ಯೋಲೆ, ಅವಳಿಗೆ ಮಾತು ಕೇಳಿಸಲ್ಲ" ಅಂದ.

"ಯಾರಿಗೆ?"

"ಅಕ್ಕನಿಗೆ. ಮಾತು ಬಾತುಕೋಳೀದಾದ್ರೇನು, ಹಂದೀದಾದ್ರೇನು? ಅವಳಿಗೆ ಕಾಣೋದು ತುಟಿ. ಮುಖ ಉಳಿದ್ರೆ ಸಾಕು. ಒಂದೇ ಒಂದು ಮುಖ ಕತ್ತರಿಸದ ಹಾಗೆ ನಾನು ಮಾತು ಕೂರಿಸ್ತೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮರುದಿನ ಅವನು ಸ್ಕರ್ಪೆತ್ತಿಯವರ ಹತ್ತಿರ ಹೋಗಿ, ಹಾಸ್ಯ ಮಾಡಿಕೊಡುತ್ತೇನೆ, ರೋಮ್ ಬಿದ್ದು ಬಿದ್ದು ನಗುವ ಹಾಗೆ ಮಾಡಿಕೊಡುತ್ತೇನೆ, ಆದರೆ ವಾರದಲ್ಲಿ ಆಗುವುದಿಲ್ಲ, ನಲವತ್ತು ದಿನ ಬೇಕು, ಅಲ್ಲಿಯವರೆಗೆ ಯೋಲೆ ಬಿಟ್ಟು ಯಾರೂ ರೀಲು ಮುಟ್ಟಬಾರದು ಎಂದ. ಉಳುಕಿದ ಕಾಲಿನ ಅಮೆರಿಕದವನು ವಾಪಸ್ ಬಂದಿದ್ದ. ಹಗಲು ಕೌಬಾಯ್ ಚಿತ್ರವನ್ನೂ ಮುಗಿಸಿಕೊಡುವುದಾಗಿ ನೇನೊ ಮಾತು ಕೊಟ್ಟ ಮೇಲೆ ಯಜಮಾನರು ಒಪ್ಪಿದರು.

ಅವನ ಜೀವಮಾನದ ದೊಡ್ಡ ಕೆಲಸ ಯಾವುದು ಎಂದು ಕೇಳಿದರೆ ನಾನು ಆ ನಲವತ್ತು ದಿನದ ಕಡೆ ಬೆರಳು ತೋರಿಸುತ್ತೇನೆ. ಪ್ರತಿ ದಿನ ಬೆಳಿಗ್ಗೆ ಶೂಟಿಂಗಿಗೆ ಮುಂಚೆ ಗಂಡ ಹೆಂಡತಿ ಎಡಿಟಿಂಗ್ ಮೇಜಿನ ಮುಂದೆ ಕೂರುತ್ತಿದ್ದರು. ಅವಳು ರೀಲನ್ನು ಒಂದೊಂದು ಚೌಕವಾಗಿ ಮುಂದೆ ತಳ್ಳುವಳು, ಅವನು ಬಾಲ್ದೊನ ತುಟಿ ನೋಡುತ್ತಾ ತನ್ನ ತುಟಿ ಆಡಿಸುವನು. ಒಂದು ಮಾತಿಗೆ ಮೂವತ್ತು ಮಾತು ಬರೆದು ಇಪ್ಪತ್ತೊಂಬತ್ತು ಹೊಡೆದುಹಾಕುವನು. 'ದಾರೀಲಿ ನಿಂತೆ' ಎನ್ನುವ ತುಟಿಯ ಮೇಲೆ ಬಾತುಕೋಳಿಯ ಕತ್ತು ಹಿಡಿದದ್ದು ಕೂತಿತು. 'ಅಮ್ಮನಿಗೂ ಹೇಳಲಿಲ್ಲ' ಎನ್ನುವಲ್ಲಿ ಬಿಷಪ್ಪರಿಗೆ ಕಳಿಸಿದ ಬರೀ ರೆಕ್ಕೆಪುಕ್ಕ ಕೂತಿತು. ತನ್ನ ಪಾಪವನ್ನು ತಾನೇ ಒಂದೊಂದು ಅಕ್ಷರವಾಗಿ ನಗೆಯಿಂದ ಮುಚ್ಚುವುದು ಸುಲಭವಲ್ಲ. ಕೆಲವು ಬೆಳಿಗ್ಗೆ ಅವನು ಎದ್ದು ಹೋಗಿ ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದು ಮತ್ತೆ ಕೂರುತ್ತಿದ್ದ. ಯೋಲೆ ರೀಲನ್ನು ಹಿಂದಕ್ಕೆ ತಿರುಗಿಸಿ ಕೊಡುತ್ತಿದ್ದಳು.

ನಲವತ್ತನೇ ದಿನ ಸ್ಕರ್ಪೆತ್ತಿ ನೋಡಿದರು. ಒಂದು ಮುಖವೂ ಕತ್ತರಿಸಿರಲಿಲ್ಲ, ಒಂದು ಮಾತೂ ತುಟಿಯಿಂದ ಜಾರಿರಲಿಲ್ಲ. ನಗುನಗುತ್ತಾ ಸಿಗಾರಿನ ಬೂದಿಯನ್ನು ಮೈಮೇಲೆಲ್ಲ ಚೆಲ್ಲಿಕೊಂಡರು. "ಇದಕ್ಕೆ ಅಮೆರಿಕದ ಹೆಸರು ಬೇಡ. ಬಾತುಕೋಳಿ ನಮ್ಮದು, ಬಿಷಪ್ಪರೂ ನಮ್ಮವರು. ನಿನ್ನ ಹೆಸರೇ ಹಾಕೋಣ" ಎಂದರು. ಹೀಗೆ ನಜ್ಜರೇನೊ ಕಾಲ್ವೆಲ್ಲಿ ಎಂಬ ಹೆಸರು ಮೊತ್ತಮೊದಲು ಗೋಡೆಯ ಮೇಲೆ ಬಂತು, 'ಬಿಷಪ್ಪರ ಬಾತುಕೋಳಿ' ಎಂಬ ಕೆಂಪಕ್ಷರದ ಕೆಳಗೆ.

ಕೇರಿಯ ಟಾಕೀಸಿಗೆ ಅದು ಬಂದದ್ದು ಮೇ ತಿಂಗಳ ಒಂದು ಭಾನುವಾರ. ಮಧ್ಯಾಹ್ನದ ಆಟ. ಹಾಲಿನ ತುಂಬ ಸಿಗರೇಟಿನ ಹೊಗೆ, ಕಾಲ ಕೆಳಗೆ ಕುಂಬಳಬೀಜದ ಸಿಪ್ಪೆ. ನಡುವಿನ ಸಾಲಿನಲ್ಲಿ ಜೆಲಿಂದಾ, ಅವಳ ಒಂದು ಪಕ್ಕ ಯೋಲೆ, ಇನ್ನೊಂದು ಪಕ್ಕ ನೇನೊ. ನೇನೊ ಪರದೆ ನೋಡಲಿಲ್ಲ, ಅಕ್ಕನ ಕೆನ್ನೆಯನ್ನೇ ನೋಡುತ್ತಾ ಕೂತ.

ಮೊದಲ ರೀಲಿನಲ್ಲೇ ಅವಳು ಮುಂದಕ್ಕೆ ಬಾಗಿದಳು. "ಇವನು ಮಾತಾಡ್ತಿದಾನೆ!" ಅಂದಳು, ಅವಳದೇ ಗಟ್ಟಿ ದನಿಯಲ್ಲಿ. "ನೇನೊ, ನಿಜವಾಗ್ಲೂ ಮಾತಾಡ್ತಿದಾನೆ ಕಣೋ!" ಮುಂದಿನವರು ತಿರುಗಿ ನೋಡಿ ಶ್ ಎಂದರು.

ಆ ನಾಲ್ಕು ನಿಮಿಷ ಬಂತು. ಬಾಲ್ದೊ ಹಿಟ್ಟಿನ ಕೈ ಒರೆಸಿಕೊಂಡ. ಬಾತುಕೋಳಿಯ ತೊಡೆಯ ಮಾತು ಬರುತ್ತಿದ್ದಂತೆ ಹಾಲಿಗೆ ಹಾಲೇ ಸ್ಫೋಟಿಸಿತು. ಅಷ್ಟು ನಿಜವಾಗಿ ಅಳುವ ಮುಖದಿಂದ ಅಂಥ ಮಾತು ಬಂದರೆ ಯಾರು ತಾನೇ ನಗು ತಡೆದಾರು? ಜನ ತೊಡೆ ತಟ್ಟಿಕೊಂಡರು, ಕೆಮ್ಮಿದರು, ಒಬ್ಬ ಕುರ್ಚಿಯಿಂದ ಜಾರಿದ. ಆ ಗದ್ದಲದ ನಡುವೆ ಜೆಲಿಂದಾ ಒಬ್ಬಳು ಅಲುಗಾಡದೆ ಕೂತಿದ್ದಳು. ಅವಳ ತುಟಿ ಮಾತ್ರ ಪರದೆಯ ತುಟಿಯ ಜೊತೆ ಮೆಲ್ಲಗೆ ಆಡುತ್ತಿತ್ತು. ಕೆನ್ನೆ ಒದ್ದೆಯಾಗಿತ್ತು.

ಹಿಂದಿನ ಸಾಲಿನವನೊಬ್ಬ ಬಾಗಿ ನೋಡಿ, "ಯಾಕಮ್ಮಾ ಅಳ್ತೀರಿ, ಬಾತುಕೋಳಿ ನಿಮ್ಮದಾಗಿತ್ತಾ?" ಅಂದ. ಸುತ್ತಲಿನವರು ಇನ್ನಷ್ಟು ನಕ್ಕರು. ನೇನೊ ಎದ್ದು ಅವನ ಕಾಲರಿಗೆ ಕೈಹಾಕುವಷ್ಟರಲ್ಲಿ ಯೋಲೆ ಹಿಡಿದು ಕೂರಿಸಿದಳು.

ಆಟ ಬಿಟ್ಟಾಗ ಹೊರಗೆ ಇನ್ನೂ ಬಿಸಿಲಿತ್ತು. ಜೆಲಿಂದಾ ಯಾರನ್ನೂ ಕಾಯದೆ ಮುಂದೆ ನಡೆದಳು. ಯೋಲೆ ಬೇಕೆಂದೇ ಹಿಂದೆ ಉಳಿದಳು. ಟ್ರಾಮಿನ ನಿಲ್ದಾಣದ ಹತ್ತಿರ ಜೆಲಿಂದಾ ಗಕ್ಕನೆ ನಿಂತು, ತಿರುಗಿ, ಕೈಯಲ್ಲಿದ್ದ ಚೀಲದಿಂದ ತಮ್ಮನ ಭುಜಕ್ಕೆ ಬಾರಿಸಿದಳು. ಚೀಲದಲ್ಲಿ ಅವಳ ಹೊಲಿಗೆಯ ದೊಡ್ಡ ಕತ್ತರಿ ಇತ್ತು. ಇನ್ನೊಂದು ಬಾರಿಸಿದಳು. ನೇನೊ ಕೈ ಅಡ್ಡ ತರಲಿಲ್ಲ.

"ಹೊತ್ತಿಗೆ ಬರಲಿಲ್ಲ ಅಂತ ಆ ಡಾಕ್ಟರಿಗೆ ಮೂವತ್ತೈದು ವರ್ಷ ಶಾಪ ಹಾಕಿದೀನಿ ಕಣೋ!" ಅವಳು ಕೂಗಿದಳು. ಟ್ರಾಮಿಗೆ ನಿಂತವರೆಲ್ಲ ತಿರುಗಿದರು. "ಅವನು ಸತ್ತಾಗ ಮಣ್ಣಿಗೂ ಹೋಗ್ಲಿಲ್ಲ. ಅಮ್ಮನೂ ಹೋಗ್ಲಿಲ್ಲ. ಅವನ ಹೆಂಡ್ತಿ ಎದುರಿಗೆ ಬಂದ್ರೆ ನಾವಿಬ್ರೂ ಮುಖ ತಿರುಗಿಸ್ತಿದ್ವಿ. ಏನೂ ಮಾಡಿರಲಿಲ್ವಲ್ಲೋ ಆ ಪಾಪದವನು!"

"ಅಕ್ಕಾ..."

"ತಲೆ ಎತ್ತಿ ಮಾತಾಡು, ನೆಲ ನೋಡಿದ್ರೆ ನನಗೆ ಕಾಣಲ್ಲ!"

ನೇನೊ ತಲೆ ಎತ್ತಿದ. ಹೇಳಬೇಕಾದ್ದನ್ನೆಲ್ಲ ಬಾಲ್ದೊ ಆಗಲೇ ಹೇಳಿಬಿಟ್ಟಿದ್ದ. ಒಂದು ಟ್ರಾಮು ಬಂದು ಜನರನ್ನು ಹತ್ತಿಸಿಕೊಂಡು ಹೋಯಿತು. ಜೆಲಿಂದಾ ಕಲ್ಲಿನ ಬೆಂಚಿನ ಮೇಲೆ ಕೂತು ಮೂಗು ಒರೆಸಿಕೊಂಡಳು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವನ ಬಾಯಿಯ ಕಡೆ ಕಣ್ಣಿಟ್ಟಳು.

"ಚೆನ್ನಾಗಿತ್ತೇನೋ?" ಎಂದು ಕೊನೆಗೆ ಕೇಳಿದಳು.

"ಯಾವುದು?"

"ಅವತ್ತಿನ ಬಯಾಸ್ಕೋಪು. ಅವತ್ತು ನೀನು ನಿಂತ್ಕೊಂಡು ನೋಡಿದ್ದು. ಚೆನ್ನಾಗಿತ್ತಾ?"

ಇಲ್ಲ ಎನ್ನಬಹುದಿತ್ತು. ನೆನಪಿಲ್ಲ ಎನ್ನಬಹುದಿತ್ತು. ಸುಳ್ಳು ಕೂರಿಸುವುದೇ ಅವನ ಕಸುಬು. ನೇನೊ ಅವಳ ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದ: "ಚೆನ್ನಾಗಿತ್ತು ಅಕ್ಕಾ. ಅಷ್ಟು ಚೆನ್ನಾಗಿರೋದನ್ನ ನಾನು ಆಮೇಲೆ ಯಾವತ್ತೂ ನೋಡಿಲ್ಲ."

ಜೆಲಿಂದಾ ತಲೆ ಆಡಿಸಿದಳು. ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. ಮತ್ತೆ ಏನೋ ಹೊಳೆದು, ಕೂರಲು ಬಂದವನನ್ನು ಕೈಯಿಂದ ತಡೆದಳು.

"ಕೂರಬೇಡ, ಪಕ್ಕಕ್ಕೆ ಕೂತ್ರೆ ಕಾಣಲ್ಲ. ಇಲ್ಲಿ ಎದುರಿಗೆ ನಿಂತ್ಕೊ, ಬಿಸಿಲಿಗೆ ಮುಖ ಮಾಡಿ. ಹೂಂ, ಹೇಳು. ಕಥೆ ಏನು? ಮೊದಲಿಂದ ಹೇಳು."

ನೇನೊ ಬಿಸಿಲಿಗೆ ಮುಖ ಮಾಡಿ ನಿಂತು, ಮೊದಲಿಂದ ಹೇಳತೊಡಗಿದ.